ಮುದ್ರಿತ ಗ್ರಂಥಪ್ರಿಯರೂ ಇ-ರೀಡರಿನ ಆಯ್ಕೆಯೂ

ಅಚ್ಚಿನ ಪುಸ್ತಕವನ್ನು ಅಕ್ಕರೆಯಿಂದ ಕಾಣುವವರು ಇ-ರೀಡರ್ ಎಂಬ ಉಪಕರಣವನ್ನು ಕೊಳ್ಳಬಹುದೆ, ಕೊಳ್ಳುವುದಾದರೆ ಯಾವ ಬಗೆಯದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ಈಗ ಅಧ್ಯಾಪಕರ ಕೊಠಡಿಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಕೇಳಿಬರುತ್ತಿದೆ. ಜಾಹೀರಾತುಗಳು ಇದಕ್ಕೆ ಕೊಡುವ ಉತ್ತರ ಸರಳವಾದದ್ದು: ಯಾವುದು ಕಾಗದವನ್ನು ಹೆಚ್ಚಾಗಿ ಹೋಲುತ್ತದೆಯೋ ಅದನ್ನು ಕೊಳ್ಳಿರಿ. ಬಿಡುವಿನ ವೇಳೆಯಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಓದುವವರಿಗೆ ಈ ಉತ್ತರ ಸಾಕಾದೀತು. ಆದರೆ ಇತಿಹಾಸವನ್ನು ಅಭ್ಯಸಿಸುವವರಿಗೆ, ಅದರಲ್ಲಿಯೂ ಕನ್ನಡ ಗ್ರಂಥಗಳನ್ನು ಆಧಾರವಾಗಿ ಇಟ್ಟುಕೊಂಡವರಿಗೆ, ಇದು ಸಾಲದೆಂದು ನಮ್ಮ ಅಭಿಪ್ರಾಯ. ನಾವು ಓದಬೇಕಾದ ಗ್ರಂಥವು ಆ ಉಪಕರಣದೊಳಕ್ಕೆ ಯಾವ ರೂಪದಲ್ಲಿ ಬರುತ್ತದೆ, ಬಂದುದು ನಮ್ಮಲ್ಲಿ ಉಳಿಯುತ್ತದೆಯೆ ಎಂಬುದನ್ನು ಮೊದಲು ನೋಡಬೇಕು. ಉಪಕರಣದ ಹೆಸರು, ಬಣ್ಣ, ಬೆಲೆಗಳು ಆಮೇಲಿನ ಮಾತು.

ಕಾಗದದ ಹೋಲಿಕೆಯ ವಿಷಯವನ್ನು ಮೊದಲೇ ಮುಗಿಸಿಬಿಡಬಹುದು. ಮೊಬೈಲಿನ ಮತ್ತು ಗಣಕಯಂತ್ರದ ತೆರೆಗಳು ತಾವೇ ಬೆಳಕನ್ನು ಹೊರಸೂಸಿ ಅಕ್ಷರಗಳನ್ನು ಕಾಣಿಸುತ್ತವೆ. ಇ-ರೀಡರಿನ ತೆರೆಯ ರೀತಿ ಬೇರೆ. ಅದರಲ್ಲಿ ಕೂದಲೆಳೆಯಷ್ಟು ಗಾತ್ರದ ಅಸಂಖ್ಯ ಸೂಕ್ಷ್ಮ ಗುಳಿಗೆಗಳು ಒಂದು ತೆಳುವಾದ ಪದರವಾಗಿ ಹರಡಿರುತ್ತವೆ. ಒಂದೊಂದು ಗುಳಿಗೆಯೊಳಗೂ ಸ್ವಚ್ಛವಾದ ದ್ರವ, ಆ ದ್ರವದಲ್ಲಿ ತೇಲುವ ಬಿಳಿಯ ಮತ್ತು ಕಪ್ಪು ಕಣಗಳು. ಈ ಎರಡು ಬಗೆಯ ಕಣಗಳಲ್ಲಿರುವ ವಿದ್ಯುದಂಶ ಪರಸ್ಪರ ವಿರುದ್ಧವಾದುದರಿಂದ, ಕೆಳಗಿನಿಂದ ವಿದ್ಯುತ್ತನ್ನು ಹಾಯಿಸಿದಾಗ ಒಂದು ಬಗೆಯವು ಮೇಲೇರಿ ಮತ್ತೊಂದು ಬಗೆಯವು ಕೆಳಗಿಳಿಯುತ್ತವೆ. ಕಪ್ಪು ಕಣಗಳು ಮೇಲೆ ಬಂದ ಕಡೆ ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಅಕ್ಷರವನ್ನು ಹಾಗೆಯೇ ನಿಲ್ಲಿಸಲು ವಿದ್ಯುತ್ತು ಬೇಕಾಗುವುದಿಲ್ಲ. ಪುಟವನ್ನು ಬದಲಾಯಿಸುವಾಗ ಮಾತ್ರ ಅದು ವೆಚ್ಚವಾಗುತ್ತದೆ. ಆದುದರಿಂದಲೇ ಒಮ್ಮೆ ಚಾರ್ಜ್ ಮಾಡಿದ ಇ-ರೀಡರು ವಾರಗಟ್ಟಲೆ ನಡೆಯುತ್ತದೆ. ನಾವು ಕಾಣುವುದು ಈ ಕಣಗಳ ಮೇಲೆ ಬಿದ್ದು ಹಿಂದಿರುಗಿದ ಬೆಳಕನ್ನು. ಬಿಸಿಲಿನಲ್ಲಿ ಅಕ್ಷರ ಮಸುಕಾಗುವ ಬದಲು ಇನ್ನೂ ಸ್ಪಷ್ಟವಾಗುತ್ತದೆ. ರಾತ್ರಿಯ ಓದಿಗೆಂದು ಇರಿಸಿರುವ ದೀಪಗಳು ಕೂಡ ತೆರೆಯ ಅಂಚಿನಲ್ಲಿದ್ದು ಅದರ ಮೇಲ್ಮೈಯ ಮೇಲೆ ಬೆಳಕು ಚೆಲ್ಲುತ್ತವೆ.

ಈ ಪದರವನ್ನು ತಯಾರಿಸಲೆಂದು ಅಮೆರಿಕದಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧನೆಯ ಫಲವಾಗಿ ಇ-ಇಂಕ್ ಎಂಬ ಸಂಸ್ಥೆ 1997ರಲ್ಲಿ ಹುಟ್ಟಿತು. ಅದನ್ನು ಬಳಸಿದ ಸೋನಿ ಕಂಪನಿಯ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿಯೂ, ಅಮೆಜಾನಿನ ಕಿಂಡಲ್ 2007ರ ನವೆಂಬರಿನಲ್ಲಿ ಅಮೆರಿಕದಲ್ಲಿಯೂ ಮಾರಾಟಕ್ಕೆ ಬಂದವು. ಗಮನಿಸಬೇಕಾದ ಸಂಗತಿಯೆಂದರೆ, ಮಾರುಕಟ್ಟೆಯಲ್ಲಿರುವ ಬಹುತೇಕ ಎಲ್ಲ ಇ-ರೀಡರುಗಳ ಪದರವೂ ಈ ಒಂದೇ ಸಂಸ್ಥೆಯದು. ಅಂಗುಲಕ್ಕೆ 300 ಬಿಂದುಗಳನ್ನು ತೋರಿಸುವ ಯಾವ ತೆರೆಯನ್ನು ಕೊಂಡರೂ ಅಕ್ಷರದ ಅಂದದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಇರುವುದಿಲ್ಲ. ಬಣ್ಣದ ಇ-ರೀಡರುಗಳೂ ಈಚೆಗೆ ಬಂದಿವೆ. ಅವುಗಳಲ್ಲಿ ಪ್ರಚಲಿತವಾಗಿರುವ ಕೆಲಿಡೊ ಎಂಬ ಬಗೆಯಲ್ಲಿ ಕಪ್ಪು ಅಕ್ಷರ 300 ಬಿಂದುಗಳಲ್ಲಿ ಮೂಡಿದರೂ ಬಣ್ಣ ಮೂಡುವುದು 150ರಲ್ಲಿಯೇ. ತೆರೆಯ ಬಿಳುಪೂ ತುಸು ಕಂದುತ್ತದೆ. ಭೂಪಟಗಳಿಗೆ ಇದರಿಂದ ಸ್ವಲ್ಪ ಪ್ರಯೋಜನವುಂಟು. ಬರಿಯ ಪಠ್ಯವನ್ನು ಓದುವವರಿಗೆ ಇಲ್ಲ.

ಇನ್ನು ಮುಖ್ಯ ವಿಷಯ. ಇ-ಪುಸ್ತಕವೆಂದು ನಾವು ಒಟ್ಟಾಗಿ ಕರೆಯುವ ವಸ್ತು ವಾಸ್ತವವಾಗಿ ಎರಡು ಬಗೆಯದು. ಒಂದು, ಹರಿಯುವ ಪಠ್ಯ. ಇದರಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇದ್ದು, ತೆರೆಯ ಅಗಲಕ್ಕೆ ಅನುಗುಣವಾಗಿ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಓದುವವನು ಅಕ್ಷರವನ್ನು ದೊಡ್ಡದು ಮಾಡಿದರೆ ಪುಟಗಳ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ. ಇಪಬ್ ಎಂಬ ಮಾದರಿ ಈ ವರ್ಗಕ್ಕೆ ಸೇರಿದ್ದು. ಎರಡನೆಯದು ಪುಟದ ಛಾಯಾಚಿತ್ರ. ಹಳೆಯ ಪುಸ್ತಕದ ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿ ಪಿಡಿಎಫ್ ಕಡತವಾಗಿ ಜೋಡಿಸಿರುತ್ತಾರೆ. ಇಲ್ಲಿ ಉಪಕರಣಕ್ಕೆ ಕಾಣುವುದು ಒಂದು ಚಿತ್ರ ಮಾತ್ರ. ಅಕ್ಷರವನ್ನು ಹಿಗ್ಗಿಸಬೇಕಾದರೆ ಚಿತ್ರವನ್ನೇ ಹಿಗ್ಗಿಸಿ ಅತ್ತಿತ್ತ ಸರಿಸುತ್ತ ಓದಬೇಕು.

ಇತಿಹಾಸದ ವಿದ್ಯಾರ್ಥಿಗೆ ಬೇಕಾದ ಕನ್ನಡ ಸಾಮಗ್ರಿಯ ಬಹುಭಾಗ ಈ ಎರಡನೆಯ ವರ್ಗಕ್ಕೆ ಸೇರಿರುವುದು ಆಕಸ್ಮಿಕವಲ್ಲ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿಕೊಂಡು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳು ಚಿತ್ರಗಳಾಗಿ ಸಂಗ್ರಹವಾದವು. ಅವುಗಳಲ್ಲಿ ಬಹಳಷ್ಟು ಇಂದು ಇಂಟರ್‌ನೆಟ್ ಆರ್ಕೈವ್ ಎಂಬ ಜಾಲಗ್ರಂಥಾಲಯದಲ್ಲಿ ದೊರೆಯುತ್ತವೆ. ಗ್ರಂಥಕರ್ತನು ಮರಣಹೊಂದಿದ ವರ್ಷದಿಂದ 60 ವರ್ಷಗಳು ಕಳೆದರೆ ನಮ್ಮ ದೇಶದಲ್ಲಿ ಆತನ ಕೃತಿಯ ಹಕ್ಕುಸ್ವಾಮ್ಯ ಮುಗಿಯುವುದರಿಂದ, 1927ರಲ್ಲಿ ತೀರಿಕೊಂಡ ಲೂಯಿ ರೈಸರ ಮತ್ತು 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಕೃತಿಗಳನ್ನು ಯಾರು ಬೇಕಾದರೂ ನಿಸ್ಸಂಕೋಚವಾಗಿ ಇಳಿಸಿಕೊಳ್ಳಬಹುದು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟೂ ಹೀಗೆಯೇ ಲಭ್ಯ. ಊರಿನ ಗ್ರಂಥಾಲಯದಲ್ಲಿ ಕಣ್ಣಿಗೆ ಬೀಳದ ಇಂತಹ ಗ್ರಂಥಗಳು ಕೈಗೆ ಬರುವುದೇ ನಮ್ಮ ಮಟ್ಟಿಗೆ ಇ-ರೀಡರನ್ನು ಕೊಳ್ಳಲು ಇರುವ ಅತ್ಯಂತ ಸಬಲವಾದ ಕಾರಣ. ಅಂಗಡಿಯಲ್ಲಿ ದೊರೆಯುವ ಹೊಸ ಪುಸ್ತಕಕ್ಕಾಗಿ ಈ ಉಪಕರಣವನ್ನು ಕೊಳ್ಳುವ ಅಗತ್ಯ ಅಷ್ಟಾಗಿ ಇಲ್ಲ.

ಹಾಗಾದರೆ ತೆರೆಯ ಅಳತೆ ಎಷ್ಟಿರಬೇಕು? ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಕನ್ನಡದ ವಿದ್ವದ್ಗ್ರಂಥಗಳು ಸಾಮಾನ್ಯವಾಗಿ ಅಚ್ಚಾಗುವ ಡೆಮಿ 1/8 ಆಕಾರದ ಪುಟ ಸುಮಾರು 14 ಸೆಂಟಿಮೀಟರ್ ಅಗಲ, 21.5 ಸೆಂಟಿಮೀಟರ್ ಎತ್ತರ. 6 ಅಂಗುಲದ ಇ-ರೀಡರೆಂದರೆ ಮೂಲೆಯಿಂದ ಮೂಲೆಗೆ 6 ಅಂಗುಲ. ಅದರ ತೆರೆಯ ಅಗಲ ಸುಮಾರು 9 ಸೆಂಟಿಮೀಟರ್, ಎತ್ತರ 12. ಡೆಮಿ ಪುಟವನ್ನು ಅದರೊಳಗೆ ಕೂರಿಸಿದರೆ ಅಕ್ಷರ ಮೂಲದ ಅರ್ಧಕ್ಕಿಂತ ಸ್ವಲ್ಪವೇ ದೊಡ್ಡದಾಗಿ ಉಳಿಯುತ್ತದೆ. ಅಂಚಿನ ಖಾಲಿ ಜಾಗವನ್ನು ಕತ್ತರಿಸಿ ತೋರಿಸುವ ಸೌಲಭ್ಯವಿದ್ದರೂ ಮೂರನೆಯ ಎರಡಂಶದಷ್ಟಾದೀತು. ಇಂಗ್ಲಿಷ್ ಅಕ್ಷರವನ್ನು ಈ ಗಾತ್ರದಲ್ಲಿ ಹೇಗೋ ಓದಬಹುದು. ಕನ್ನಡದ ಕಷ್ಟ ಬೇರೆ: ಸಾಲಿನ ಕೆಳಗೆ ಒತ್ತಕ್ಷರ, ಅದರ ಪಕ್ಕದಲ್ಲಿ ವಟ್ರಸುಳಿ, ಮೇಲೆ ಗುಡಿಸು, ಇವು ಕುಗ್ಗಿದರೆ ಒಂದರೊಳಗೊಂದು ಕಲಸಿಹೋಗುತ್ತವೆ. ಅದೇ 10.3 ಅಂಗುಲದ ತೆರೆ ಸುಮಾರು 15.5 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರವಿದ್ದು, ಡೆಮಿ ಪುಟ ಹೆಚ್ಚುಕಡಮೆ ತನ್ನ ನಿಜವಾದ ಅಳತೆಯಲ್ಲಿಯೇ ಅದರಲ್ಲಿ ಕೂರುತ್ತದೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಓದಬೇಕೆನ್ನುವವರು 10 ಅಂಗುಲಕ್ಕೆ ಕಡಮೆಯಾದುದನ್ನು ಕೊಳ್ಳಬಾರದೆಂಬುದು ಈ ಲೆಕ್ಕದಿಂದಲೇ ವಿದಿತವಾಗುತ್ತದೆ. ಬೆಲೆ ಹೆಚ್ಚು, ತೂಕವೂ ಹೆಚ್ಚು. ಮಲಗಿಕೊಂಡು ಓದುವವರಿಗೆ ಒಗ್ಗುವುದಿಲ್ಲ. ಆದರೆ 6 ಅಂಗುಲದ್ದನ್ನು ಅಗ್ಗವೆಂದು ಕೊಂಡು ಪೆಟ್ಟಿಗೆಯಲ್ಲಿ ಇಡುವುದಕ್ಕಿಂತ ಇದು ಲೇಸು.

ಪುಟದ ಚಿತ್ರಕ್ಕೆ ಇನ್ನೊಂದು ಗುಣವುಂಟು. ಅದರಲ್ಲಿ ಮೂಲದ ಪುಟಸಂಖ್ಯೆ ಹಾಗೆಯೇ ಉಳಿದಿರುತ್ತದೆ. ಹರಿಯುವ ಪಠ್ಯದಲ್ಲಿ ಪುಟವೆಂಬುದು ಓದುವವನ ಕಣ್ಣಿನ ಅನುಕೂಲಕ್ಕೆ ತಕ್ಕಂತೆ ಬದಲಾಗುವುದರಿಂದ, ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯಬೇಕೆಂಬ ತೊಡಕು ಹುಟ್ಟುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಪುಟಸಂಖ್ಯೆಯನ್ನು ನೆಚ್ಚಿಕೊಳ್ಳದ ಗ್ರಂಥಗಳು ನಮ್ಮಲ್ಲಿ ಹೇರಳವಾಗಿವೆ. ತಾಳೆಯೋಲೆಯ ಕಾಲದಲ್ಲಿ ಒಂದು ಪ್ರತಿಯ ಗರಿ ಇನ್ನೊಂದರ ಗರಿಗೆ ಸರಿಹೋಗುತ್ತಿರಲಿಲ್ಲವಾದುದರಿಂದ, ಪಂಪನ ಕಾವ್ಯವನ್ನು ಆಶ್ವಾಸ-ಪದ್ಯಗಳಿಂದಲೂ ಕುಮಾರವ್ಯಾಸನನ್ನು ಪರ್ವ-ಸಂಧಿ-ಪದ್ಯಗಳಿಂದಲೂ ಕೌಟಿಲ್ಯನನ್ನು ಅಧಿಕರಣ-ಅಧ್ಯಾಯಗಳಿಂದಲೂ ಗುರುತಿಸುವ ಪದ್ಧತಿ ಬಂದಿದೆ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ರೈಸರು ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳನ್ನು ಕೊಟ್ಟರು. ಇಂತಹ ಗ್ರಂಥಗಳನ್ನು ಯಾವ ತೆರೆಯ ಮೇಲೆ, ಯಾವ ಗಾತ್ರದ ಅಕ್ಷರದಲ್ಲಿ ಓದಿದರೂ ಉಲ್ಲೇಖ ಕೆಡುವುದಿಲ್ಲ. ಕೆಡುವುದು ಇಪ್ಪತ್ತನೆಯ ಶತಮಾನದ ಗದ್ಯಗ್ರಂಥಗಳ ಉಲ್ಲೇಖ. ಸಂಶೋಧನ ವಿದ್ಯಾರ್ಥಿಗಳು ಇವನ್ನು ಇಪಬ್ ರೂಪದಲ್ಲಿ ಓದಿದರೂ, ಉದ್ಧರಿಸುವ ಮುನ್ನ ಅಚ್ಚಿನ ಪ್ರತಿಯಲ್ಲಿ ಪುಟವನ್ನು ಕಂಡುಕೊಳ್ಳಲೇಬೇಕು.

ಹರಿಯುವ ಪಠ್ಯದ ಕನ್ನಡದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯಕ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. ಆದರೂ ನಮ್ಮ ಮುದ್ರಣಾಲಯಗಳು ಬಹುಕಾಲ ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿಯೇ ಅಕ್ಷರ ಜೋಡಿಸಿದವು. ಅವುಗಳಲ್ಲಿ ಯಂತ್ರದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಕನ್ನಡದ ರೂಪ ಮೇಲೆ ತೊಡಿಸಿದ ವೇಷ ಮಾತ್ರ. ಆ ಫಾಂಟು ಇಲ್ಲದ ಇ-ರೀಡರಿನಲ್ಲಿ ವೇಷ ಕಳಚಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯೂನಿಕೋಡಿನಲ್ಲಿಯೇ ಇದ್ದರೂ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಉಪಕರಣದಲ್ಲಿ ಇರಬೇಕು. ಆದುದರಿಂದ ಕೊಳ್ಳುವ ಮುನ್ನ ಒಂದು ಸಣ್ಣ ಕನ್ನಡ ಕಡತವನ್ನು ಅದರಲ್ಲಿ ತೆರೆಯಿಸಿ ನೋಡುವುದು ಒಳ್ಳೆಯದು. ರಾಷ್ಟ್ರಕೂಟ, ಸ್ತ್ರೀ, ಕೈವಲ್ಯ, ಧರ್ಮ ಎಂಬ ನಾಲ್ಕು ಮಾತುಗಳು ಸಾಕು; ಮೂರು ವ್ಯಂಜನಗಳ ಒತ್ತು, ಐತ್ವ, ಅರ್ಕಾವತ್ತು ಇವೆಲ್ಲ ಇವುಗಳಲ್ಲಿ ಬಂದುಹೋಗುತ್ತವೆ. ಹಳಗನ್ನಡವನ್ನು ಓದುವವರು ಱ ಮತ್ತು ೞ ಅಕ್ಷರಗಳನ್ನೂ ಸೇರಿಸಿಕೊಳ್ಳಲಿ. ಈ ೞ ಅಕ್ಷರಕ್ಕೆ ಯೂನಿಕೋಡಿನ ಪಟ್ಟಿಯಲ್ಲಿ ಪ್ರಮಾದದಿಂದ ‘ಫ’ ಎಂಬ ಹೆಸರು ಬಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮದಿಂದಾಗಿ ಅದು ಇಂದಿಗೂ ಹಾಗೆಯೇ ಉಳಿದು, ತಿದ್ದುಪಡಿಯೊಂದು ಅದರ ಬೆನ್ನಿಗೆ ಅಂಟಿಕೊಂಡಿದೆ! ಕೇಶಿರಾಜನು ಇದ್ದಿದ್ದರೆ ಏನೆನ್ನುತ್ತಿದ್ದನೋ.

ಪುಟದ ಚಿತ್ರದಿಂದ ಅಕ್ಷರಗಳನ್ನು ಯಂತ್ರವೇ ಗುರುತಿಸಿ ಹರಿಯುವ ಪಠ್ಯವನ್ನಾಗಿ ಮಾಡುವ ವಿಧಾನವೂ ಉಂಟು. ಅದರಿಂದ ಹುಡುಕಾಟ ಸುಲಭವಾಗುತ್ತದೆ; ಆದರೆ ಅದನ್ನೇ ಆಧಾರವೆಂದು ಹಿಡಿಯುವುದು ಅಪಾಯಕರ. ಕನ್ನಡದಲ್ಲಿ ಸೊನ್ನೆಯ ಅಂಕಿಗೂ ಅನುಸ್ವಾರಕ್ಕೂ ಆಕಾರ ಒಂದೇ. ಪ-ವ, ಥ-ಧಗಳ ನಡುವಣ ಅಂತರ ಒಂದು ಗೆರೆ, ಒಂದು ಚುಕ್ಕೆ. ಶಕವರ್ಷದ ಒಂದು ಅಂಕಿ ತಪ್ಪಿದರೆ ಏನಾಗುತ್ತದೆಂಬುದನ್ನು ಇತಿಹಾಸದ ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಪದವನ್ನು ಮುಟ್ಟಿದೊಡನೆ ಅರ್ಥ ತೋರಿಸುವ ನಿಘಂಟಿನ ಸೌಲಭ್ಯವೂ ಇಂಗ್ಲಿಷಿಗೆ ಒಗ್ಗಿದಷ್ಟು ಕನ್ನಡಕ್ಕೆ ಒಗ್ಗದು. ‘ಅರಮನೆಯಲ್ಲಿದ್ದವರಿಗೂ’ ಎಂಬ ಪದವನ್ನು ಬಿಡಿಸಿ ಅರಮನೆಯನ್ನು ಹುಡುಕುವ ವ್ಯಾಕರಣಜ್ಞಾನ ಸಾಮಾನ್ಯ ನಿಘಂಟುಕಡತಕ್ಕೆ ಇರುವುದಿಲ್ಲ.

ಹೊಸ ಕನ್ನಡ ಪುಸ್ತಕಗಳ ಸ್ಥಿತಿಯನ್ನೂ ಅರಿತಿರಬೇಕು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳ ಇ-ಪುಸ್ತಕಗಳನ್ನು ಕಿಂಡಲ್ ಅಂಗಡಿಯಲ್ಲಿ ಆರಂಭಿಸಿದಾಗ ಆ ಐದರಲ್ಲಿ ಕನ್ನಡವಿರಲಿಲ್ಲ. ಕನ್ನಡದ ಇ-ಪುಸ್ತಕಗಳನ್ನು ಮೈಲ್ಯಾಂಗ್‌ನಂತಹ ನಮ್ಮವರ ಸಂಸ್ಥೆಗಳು ಮೊಬೈಲ್ ಆ್ಯಪಿನ ಮೂಲಕ ಒದಗಿಸತೊಡಗಿದವು. ಕಿಂಡಲ್, ಕೋಬೊ ಮುಂತಾದ ಉಪಕರಣಗಳಲ್ಲಿ ಇಂತಹ ಆ್ಯಪುಗಳನ್ನು ಹಾಕಿಕೊಳ್ಳಲು ಅವಕಾಶವಿಲ್ಲ. ಓನಿಕ್ಸ್ ಕಂಪನಿಯ ಬೂಕ್ಸ್‌ನಂತೆ ಆಂಡ್ರಾಯ್ಡ್ ವ್ಯವಸ್ಥೆಯ ಮೇಲೆ ನಡೆಯುವ ಇ-ರೀಡರುಗಳಲ್ಲಿ ಸಾಧ್ಯ. ಆದುದರಿಂದ ಹೊಸ ಕನ್ನಡ ಸಾಹಿತ್ಯವೂ ಬೇಕು, ಹಳೆಯ ಪಿಡಿಎಫ್ ಗ್ರಂಥಗಳೂ ಬೇಕು ಎನ್ನುವವರಿಗೆ ಆಂಡ್ರಾಯ್ಡ್ ಇರುವ ದೊಡ್ಡ ತೆರೆಯ ಉಪಕರಣವೇ ತಕ್ಕದ್ದೆಂದು ನಮಗೆ ತೋರುತ್ತದೆ. ಅದರಲ್ಲಿ ಚಾರ್ಜು ಬೇಗ ಇಳಿಯುತ್ತದೆ. ಮೊಬೈಲಿನ ಚಾಪಲ್ಯಗಳೂ ಅದರೊಡನೆ ಒಳನುಗ್ಗುತ್ತವೆ. ಇಂಗ್ಲಿಷ್ ಗ್ರಂಥಗಳನ್ನೇ ಪ್ರಧಾನವಾಗಿ ಓದುವವರು ಈ ತೊಂದರೆಯನ್ನು ಮೈಮೇಲೆ ಎಳೆದುಕೊಳ್ಳಬೇಕಾದುದಿಲ್ಲ.

ಇನ್ನು ಒಡೆತನದ ವಿಚಾರ. ಅಚ್ಚಿನ ಪುಸ್ತಕವನ್ನು ಹಣ ಕೊಟ್ಟು ಕೊಂಡರೆ ಅದು ನಮ್ಮದು. ಅಂಗಡಿ ಮುಚ್ಚಿದರೂ ನಮ್ಮದೇ. ಇ-ಪುಸ್ತಕಗಳಲ್ಲಿ ಹೆಚ್ಚಿನವನ್ನು ನಾವು ಕೊಳ್ಳುವುದಿಲ್ಲ, ಓದಲು ಪರವಾನಿಗೆ ಪಡೆಯುತ್ತೇವೆ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆ, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲನ ಎರಡು ಕೃತಿಗಳ ಪ್ರತಿಗಳನ್ನು ಗಿರಾಕಿಗಳ ಕಿಂಡಲುಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿತು. ಪ್ರಭುತ್ವವು ಹಳೆಯ ದಾಖಲೆಗಳನ್ನು ಅಳಿಸಿ ತಿದ್ದುವುದನ್ನೇ ವಸ್ತುವಾಗಿ ಉಳ್ಳ ‘1984’ ಕಾದಂಬರಿ ಅವುಗಳಲ್ಲಿ ಒಂದು! ಹಣವನ್ನು ಹಿಂದಿರುಗಿಸಿ ಸಂಸ್ಥೆ ಕ್ಷಮೆ ಕೇಳಿತಾದರೂ, ತಾನು ಬರೆದುಕೊಂಡಿದ್ದ ಟಿಪ್ಪಣಿಗಳು ನಿರುಪಯುಕ್ತವಾದವೆಂದು ಅಮೆರಿಕದ ಶಾಲಾ ವಿದ್ಯಾರ್ಥಿಯೊಬ್ಬನು ನ್ಯಾಯಾಲಯಕ್ಕೆ ಹೋದನು. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು 2019ರ ಏಪ್ರಿಲಿನಲ್ಲಿ ಮುಚ್ಚಿದಾಗ, ಕೊಂಡಿದ್ದ ಪುಸ್ತಕಗಳೂ ಜುಲೈ ಹೊತ್ತಿಗೆ ಕಾಣದಾದವು. ಬೆಲೆ ಹಿಂದಕ್ಕೆ ಬಂತು; ಟಿಪ್ಪಣಿ ಮಾಡಿಕೊಂಡಿದ್ದವರಿಗೆ ಅದರ ಮೇಲೆ 25 ಡಾಲರ್ ಪರಿಹಾರ. ಒಬ್ಬ ಅಧ್ಯಾಪಕನ ಹತ್ತು ವರ್ಷಗಳ ಅಂಚುಬರಹಕ್ಕೆ ಈ ದರದಲ್ಲಿ ಎಷ್ಟಾಗುತ್ತದೆಂದು ಓದುಗರೇ ಊಹಿಸಬಹುದು. ಕಿಂಡಲ್ ಪುಸ್ತಕವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ತಂತಿಯ ಮೂಲಕ ವರ್ಗಾಯಿಸುವ ಅನುಕೂಲವನ್ನು 2025ರ ಫೆಬ್ರವರಿ 26ರಂದು ಅಮೆಜಾನ್ ನಿಲ್ಲಿಸಿತು. ಆದುದರಿಂದ ಬೀಗವಿಲ್ಲದ ಇಪಬ್ ಮತ್ತು ಪಿಡಿಎಫ್ ಕಡತಗಳನ್ನು ನೇರವಾಗಿ ತಂತಿಯಿಂದ ತುಂಬಿಕೊಳ್ಳಬಹುದೆ, ಬರೆದ ಟಿಪ್ಪಣಿಗಳನ್ನು ಹೊರಕ್ಕೆ ತೆಗೆದಿಡಬಹುದೆ ಎಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳತಕ್ಕದ್ದು.

ಓದಿದ್ದು ಮನಸ್ಸಿನಲ್ಲಿ ನಿಲ್ಲುವ ವಿಷಯದಲ್ಲಿ ಕಾಗದಕ್ಕೂ ತೆರೆಗೂ ಭೇದವುಂಟೆ? ಈ ಬಗ್ಗೆ ನಡೆದಿರುವ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಡೆಲ್ಗಾಡೊ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವಿಷಯಪ್ರಧಾನವಾದ ಬರಹಗಳ ಗ್ರಹಿಕೆಯಲ್ಲಿ ಕಾಗದವೇ ಮೇಲೆಂದು ಕಂಡಿತು. ಬರಿಯ ಕಥನವನ್ನು ಓದಿದಾಗ ಅಂತಹ ಭೇದ ಕಾಣಲಿಲ್ಲ. ನಮಗೆ ಹೆಚ್ಚು ಕುತೂಹಲಕರವಾಗಿ ತೋರಿದುದು 2019ರಲ್ಲಿ ಪ್ರಕಟವಾದ ಮಾಂಗೆನ್ ಮತ್ತು ಸಹೋದ್ಯೋಗಿಗಳ ಪರೀಕ್ಷೆ. 50 ಮಂದಿಗೆ ಒಂದೇ ದೀರ್ಘ ಕಥೆಯನ್ನು ಕೊಟ್ಟು, ಅರ್ಧದಷ್ಟು ಜನರಿಂದ ಅಚ್ಚಿನ ಪುಸ್ತಕದಲ್ಲಿಯೂ ಉಳಿದವರಿಂದ ಕಿಂಡಲಿನಲ್ಲಿಯೂ ಓದಿಸಿದರು. ಬಹುತೇಕ ಪ್ರಶ್ನೆಗಳಲ್ಲಿ ಇಬ್ಬರೂ ಸಮ. ಆದರೆ ಯಾವ ಘಟನೆ ಮೊದಲು, ಯಾವುದು ಅನಂತರ ಎಂಬ ಕಾಲಕ್ರಮದ ಪ್ರಶ್ನೆಗಳಲ್ಲಿ ಅಚ್ಚನ್ನು ಓದಿದವರು ಮುಂದಾದರು. ಓದಿದ ಪುಟಗಳ ದಪ್ಪ ಎಡಗೈಯಲ್ಲಿ ಬೆಳೆದು ಬಲಗೈಯಲ್ಲಿ ಕರಗುವುದು ಕ್ರಮದ ನೆನಪಿಗೆ ಆಸರೆಯಾಗುತ್ತದೆಂದು ಊಹೆ. 50 ಜನರ ಪರೀಕ್ಷೆಯಿಂದ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ಕಾಲಕ್ರಮವೇ ಜೀವಾಳವಾದ ನಮ್ಮ ವಿಷಯದಲ್ಲಿ, ಪಠ್ಯವೆಂದು ಮೊದಲಿನಿಂದ ಕೊನೆಯವರೆಗೆ ಓದಬೇಕಾದ ಗ್ರಂಥವನ್ನು ವಿದ್ಯಾರ್ಥಿಗಳು ಅಚ್ಚಿನಲ್ಲಿಯೇ ಓದಲಿ ಎಂದು ನಾವು ಸೂಚಿಸುತ್ತೇವೆ. ಇ-ರೀಡರಿಗೆ ಆಕರಗಳ ಹುಡುಕಾಟ, ಲೇಖನಗಳು, ಪ್ರಯಾಣದ ಓದು ತಕ್ಕವು. ಮೂಲ, ಲಿಪ್ಯಂತರ, ಅನುವಾದ ಈ ಮೂರೂ ಬೇರೆ ಬೇರೆ ಭಾಗಗಳಲ್ಲಿರುವ ರೈಸರ ಸಂಪುಟದಲ್ಲಿ ಮೂರು ಕಡೆ ಬೆರಳಿಟ್ಟುಕೊಂಡು ತಿರುವುವ ಸುಖವನ್ನಂತೂ ಯಾವ ತೆರೆಯೂ ಇನ್ನೂ ಕೊಟ್ಟಿಲ್ಲ.

ಕೊನೆಯದಾಗಿ ಗ್ರಂಥಾಲಯಗಳ ಮಾತು. ಸ್ಕ್ಯಾನ್ ಪ್ರತಿ ಸಿಕ್ಕಿತೆಂದು ಅಚ್ಚಿನ ಪ್ರತಿಯನ್ನು ತೆಗೆದುಹಾಕುವ ಯೋಚನೆ ಕೆಲವೆಡೆ ತಲೆದೋರುವುದುಂಟು. ಅಮೆರಿಕದ ಗ್ರಂಥಾಲಯಗಳು ಹಳೆಯ ಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ ಮೂಲವನ್ನು ವಿಲೇವಾರಿ ಮಾಡಿದ ಕಥೆಯನ್ನು ನಿಕಲ್ಸನ್ ಬೇಕರ್ 2001ರಲ್ಲಿ ಗ್ರಂಥರೂಪವಾಗಿ ಬರೆದನು. ಫಿಲ್ಮಿನಲ್ಲಿ ಬಿಟ್ಟುಹೋದ ಪುಟಗಳನ್ನು ನೋಡಬೇಕೆಂದಾಗ ಮೂಲವೇ ಇರುತ್ತಿರಲಿಲ್ಲ. ಬ್ರಿಟಿಷ್ ಲೈಬ್ರರಿ ಮಾರಾಟಕ್ಕಿಟ್ಟಿದ್ದ ಅಮೆರಿಕದ ಪತ್ರಿಕೆಗಳನ್ನು ಆತನೇ ಹಣ ಕೂಡಿಸಿ ಕೊಂಡು ಉಳಿಸಿದನು. 2004ರಲ್ಲಿ ಅವು ಡ್ಯೂಕ್ ವಿಶ್ವವಿದ್ಯಾನಿಲಯವನ್ನು ಸೇರಿದವು. ನಮ್ಮಲ್ಲಿ ಇದಕ್ಕೆ ಪ್ರತಿಯಾದ ನಿದರ್ಶನವೊಂದಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅಚ್ಚಾಯಿತೆಂದು ಓಲೆಯನ್ನು ಯಾರೂ ಎಸೆಯಲಿಲ್ಲ. 1960ರಲ್ಲಿ ಪರಿಷ್ಕೃತ ಪಠ್ಯವನ್ನು ಹೊರತಂದ ಕಾಂಗ್ಲೆಯವರಂತಹ ವಿದ್ವಾಂಸರ ಕೆಲಸ ನಡೆದುದು ಹಸ್ತಪ್ರತಿಗಳು ಉಳಿದಿದ್ದುದರಿಂದ. ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಲ್ಲಿ ಪುಟಗಳು ಬಿಟ್ಟುಹೋಗಿರುವುದೂ, ಅಂಚಿನ ಅಕ್ಷರಗಳು ಕತ್ತರಿಸಿರುವುದೂ, ಗ್ರಂಥದ ಹೆಸರೇ ತಪ್ಪಾಗಿ ದಾಖಲಾಗಿರುವುದೂ ಬಳಸುವವರೆಲ್ಲರಿಗೆ ತಿಳಿದ ಸಂಗತಿ.

ದೊಡ್ಡ ತೆರೆಯ ಉಪಕರಣದ ಬೆಲೆ ಒಬ್ಬ ವಿದ್ಯಾರ್ಥಿಗೆ ಭಾರವೇ ಸರಿ. ಇತಿಹಾಸ ವಿಭಾಗಗಳು ಇಂತಹ ಒಂದೆರಡನ್ನು ಕೊಂಡು, ಹಕ್ಕುಸ್ವಾಮ್ಯ ಮುಗಿದ ಶಾಸನ ಸಂಪುಟಗಳನ್ನೂ ಕಿಟ್ಟೆಲ್ ನಿಘಂಟನ್ನೂ ಅದರಲ್ಲಿ ತುಂಬಿಸಿ, ಗ್ರಂಥಾಲಯದ ಪುಸ್ತಕದಂತೆಯೇ ಚೀಟಿಯ ಮೇಲೆ ವಾರದ ಮಟ್ಟಿಗೆ ಎರವಲು ಕೊಡುವ ಏರ್ಪಾಡು ಮಾಡಬಹುದು. ತುಂಬಿಸುವ ಮೊದಲು ಒಬ್ಬಿಬ್ಬರು ವಿದ್ಯಾರ್ಥಿಗಳು ಒಂದೊಂದು ಸಂಪುಟವನ್ನೂ ಅಚ್ಚಿನ ಪ್ರತಿಯೊಡನೆ ಹೋಲಿಸಿ, ಕಾಣೆಯಾದ ಪುಟಗಳ ಪಟ್ಟಿಯೊಂದನ್ನು ಕಡತದ ಆರಂಭದಲ್ಲಿ ಸೇರಿಸಿದರೆ, ಆ ಪ್ರತಿ ಮುಂದೆ ಬಳಸುವವರಿಗೆಲ್ಲ ನೆಚ್ಚತಕ್ಕದ್ದಾಗುತ್ತದೆ.